ತಾನೇ ಓದಿ ತಿಳಿಯುವ ಹಕ್ಕು: ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿಯವರ ಹೆಸರು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದ ಸಮಾಜ ಸುಧಾರಕಿ. ಇಲ್ಲವೇ ಕ್ರೈಸ್ತ ಮತವನ್ನು ಸ್ವೀಕರಿಸಿ ಪುಣೆಯ ವಿದ್ವದ್ವಲಯವನ್ನು ಕೆರಳಿಸಿದ ವಿಧವೆ. ಎರಡೂ ಚಿತ್ರಗಳು ನಿಜವೇ. ಆದರೆ ಈ ಎರಡರ ನಡುವೆ ಅವರ ಬದುಕಿನ ಮೂಲಸೂತ್ರವೊಂದು ನಮ್ಮ ಗಮನದಿಂದ ಜಾರಿಹೋಗಿದೆ. ಶಾಲೆಯ ಮೆಟ್ಟಿಲನ್ನೇ ಹತ್ತದೆ, ಕಾಡುಮೇಡುಗಳಲ್ಲಿ ತಂದೆತಾಯಿಯರಿಂದಲೇ ಪಾಠ ಹೇಳಿಸಿಕೊಂಡು ಬೆಳೆದ ಈ ಹೆಣ್ಣುಮಗಳು ಧರ್ಮಗ್ರಂಥವನ್ನು ತಾನೇ ಓದಿ, ತಾನೇ ಅರ್ಥ ಮಾಡಿಕೊಳ್ಳುವ ಹಕ್ಕನ್ನು ಜೀವನದುದ್ದಕ್ಕೂ ಯಾರಿಗೂ ಬಿಟ್ಟುಕೊಡಲಿಲ್ಲ. ಕಾಶಿಯ ಪಂಡಿತರಿಗೂ ಬಿಟ್ಟುಕೊಡಲಿಲ್ಲ, ಇಂಗ್ಲೆಂಡಿನ ಪಾದ್ರಿಗಳಿಗೂ ಬಿಟ್ಟುಕೊಡಲಿಲ್ಲ. ಕೊನೆಯಲ್ಲಿ ಆ ಹಕ್ಕನ್ನು ಅಕ್ಷರವನ್ನೇ ಕಾಣದಿದ್ದ ಸಾವಿರಾರು ಹೆಣ್ಣುಮಕ್ಕಳಿಗೆ ಹಂಚಿಕೊಡುವುದೇ ಅವರ ಬದುಕಿನ ಕೆಲಸವಾಯಿತು.

ಈ ಕಥೆ ಆರಂಭವಾಗುವುದು ನಮ್ಮ ಕರ್ನಾಟಕದ ನೆಲದಲ್ಲೇ. ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು. ಯೌವನದಲ್ಲಿ ಸಂಸ್ಕೃತ ವ್ಯಾಸಂಗಕ್ಕೆಂದು ಪುಣೆಗೆ ಹೋಗಿದ್ದಾಗ, ತಮ್ಮ ಗುಗಳು ಪೇಶ್ವೆ ಎರಡನೆಯ ಬಾಜೀರಾಯನ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದುದು ಅವರ ಗಮನಕ್ಕೆ ಬಂತು. ಹೆಣ್ಣಿನ ಬಾಯಲ್ಲಿ ಶ್ಲೋಕ ಕೇಳಿ ಬೆರಗಾದ ಆ ವಿದ್ಯಾರ್ಥಿ, ತನ್ನ ಮನೆಯಲ್ಲೂ ಹೀಗೆಯೇ ಆಗಬೇಕೆಂದು ನಿಶ್ಚಯಿಸಿದ. ಮೊದಲ ಪತ್ನಿಗೆ ಕಲಿಸುವ ಯತ್ನ ಮನೆಯವರ ವಿರೋಧದಿಂದ ಕೈಗೂಡಲಿಲ್ಲ. ಆಕೆಯ ನಿಧನಾನಂತರ ನಲವತ್ತು ದಾಟಿದ ಶಾಸ್ತ್ರಿಗಳು ಆ ಕಾಲದ ಪದ್ಧತಿಯಂತೆ ಒಂಬತ್ತು ವರ್ಷದ ಬಾಲಿಕೆ ಲಕ್ಷ್ಮೀಬಾಯಿಯನ್ನು ವಿವಾಹವಾದರು. ಈ ಬಾರಿ ಪಾಠ ನಿಲ್ಲಲಿಲ್ಲ.

ಪಾಠ ಮುಂದುವರಿದಂತೆ ವಿರೋಧವೂ ಬೆಳೆಯಿತು. ಹೆಂಡತಿಗೆ ದೇವಭಾಷೆಯನ್ನು ಕಲಿಸುತ್ತಿರುವ ಅಪರಾಧಕ್ಕಾಗಿ ಶಾಸ್ತ್ರಿಗಳು ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ಉತ್ತರ ಹೇಳಬೇಕಾಯಿತು. ಅವರು ಸ್ತ್ರೀಯರಿಗೆ ಪುರಾಣೇತಿಹಾಸಗಳನ್ನು ಓದುವ ಅಧಿಕಾರವಿದೆಯೆಂಬುದಕ್ಕೆ ಶಾಸ್ತ್ರಗಳಿಂದಲೇ ಆಧಾರಗಳನ್ನು ಸಂಗ್ರಹಿಸಿ ಮಂಡಿಸಿದರು. ಅವರಿಗೆ ಬಹಿಷ್ಕಾರ ಬೀಳಲಿಲ್ಲ. ಆದರೂ ಊರಿನ ಗೊಡವೆಯೇ ಬೇಡವೆಂದು ಸಂಸಾರವನ್ನು ಪಶ್ಚಿಮಘಟ್ಟದ ದಟ್ಟ ಕಾಡಿನ ನಡುವಿನ ಗಂಗಾಮೂಲಕ್ಕೆ ಕರೆದೊಯ್ದರು. ತುಂಗೆ, ಭದ್ರೆಯರು ಹುಟ್ಟುವ ಆ ತಾಣದಲ್ಲಿ ಒಂದು ಆಶ್ರಮ ಎದ್ದಿತು. ವಿದ್ಯಾರ್ಥಿಗಳು ಬಂದು ಸೇರಿದರು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಅಲ್ಲಿಯೇ.

ಅತಿಥಿ ಸತ್ಕಾರದಲ್ಲಿ ಕೈಯಲ್ಲಿದ್ದುದೆಲ್ಲ ಕರಗಿಹೋದ ಮೇಲೆ ಆ ಕುಟುಂಬ ಊರೂರು ಅಲೆಯುವ ಪೌರಾಣಿಕರ ಬದುಕಿಗೆ ಇಳಿಯಿತು. ರಮಾ ಆರು ತಿಂಗಳ ಕೂಸಾಗಿದ್ದಾಗಲೇ ಬೆತ್ತದ ಬುಟ್ಟಿಯಲ್ಲಿ ಮಲಗಿ, ಆಳಿನ ತಲೆಯ ಮೇಲೆ ಘಟ್ಟ ಇಳಿದವಳು. ಅಲ್ಲಿಂದ ಮುಂದೆ ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ, ದೇವಾಲಯದಿಂದ ದೇವಾಲಯಕ್ಕೆ ಪಯಣ. ದೇಗುಲದ ಜಗಲಿಯಲ್ಲೋ ನದಿಯ ದಡದ ಮರದ ಕೆಳಗೋ ಕುಳಿತು ಪುರಾಣ ಓದುವುದು, ಕೇಳಿದವರು ಇಟ್ಟ ಅಕ್ಕಿ ಕಾಸುಗಳಲ್ಲಿ ಜೀವನ ಸಾಗಿಸುವುದು. ರಮಾಳ ಪಾಠದ ಹೊತ್ತಿಗೆ ತಂದೆಗೆ ವಯಸ್ಸಾಗಿತ್ತು; ಗುರುಸ್ಥಾನ ತಾಯಿಯದಾಯಿತು. ಹಗಲೆಲ್ಲ ಮನೆಗೆಲಸದಲ್ಲಿ ಬಿಡುವಿಲ್ಲದ ಲಕ್ಷ್ಮೀಬಾಯಿ ಬೆಳಗಿನ ಜಾವದಲ್ಲಿ, ಹಕ್ಕಿಗಳು ಎಚ್ಚರಗೊಳ್ಳುವ ಹೊತ್ತಿಗೆ, ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿ ಮಡಿಲಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ವ್ಯಾಕರಣ, ನಿಘಂಟು, ಭಾಗವತ ಎಲ್ಲವೂ ಬಾಯಿಪಾಠ. ಹದಿನೈದು ಹದಿನಾರರ ಹೊತ್ತಿಗೆ ಭಾಗವತದ 18,000 ಶ್ಲೋಕಗಳು ಆಕೆಯ ನಾಲಿಗೆಯ ಮೇಲಿದ್ದವು. ಅಲೆದಾಟವೇ ಮರಾಠಿ, ಕನ್ನಡ, ಹಿಂದೂಸ್ತಾನಿ ಭಾಷೆಗಳನ್ನು ಕಲಿಸಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ತಾಯಿ ಮಗಳಿಗೆ ಕೊಟ್ಟದ್ದು ಬರಿಯ ಪುರಾಣದ ಕಥೆಯನ್ನಲ್ಲ. ವ್ಯಾಕರಣ ಮತ್ತು ನಿಘಂಟು ಕೈಯಲ್ಲಿದ್ದವರಿಗೆ ಯಾವ ಗ್ರಂಥವೂ ಪರರ ಬಾಯಿಂದ ಕೇಳಬೇಕಾದ ವಸ್ತುವಾಗಿ ಉಳಿಯುವುದಿಲ್ಲ. ಎರಡನೆಯದು, ಅನಂತಶಾಸ್ತ್ರಿಗಳ ಔದಾರ್ಯಕ್ಕೂ ಒಂದು ಗಡಿಯಿತ್ತು. ವೇದವನ್ನು ಅವರು ಮಗಳಿಗೆ ಕಲಿಸಲಿಲ್ಲ. ಹೆಣ್ಣಿಗೆ ಅದು ನಿಷಿದ್ಧವೆಂಬ ನಂಬಿಕೆಯನ್ನು ಅವರೂ ಮೀರಲಿಲ್ಲ. ತಂದೆ ನಿಂತ ಗಡಿಯಿಂದಲೇ ಮಗಳ ಪಯಣ ಶುರುವಾಯಿತು.

1870ರ ದಶಕದ ಬರಗಾಲ ಈ ಸಂಸಾರವನ್ನು ನುಂಗಿತು. ಕಣ್ಣು ಕಳೆದುಕೊಂಡಿದ್ದ ತಂದೆ, ಅವರ ಹಿಂದೆಯೇ ತಾಯಿ, ಬಳಿಕ ಅಕ್ಕ, ಒಬ್ಬೊಬ್ಬರಾಗಿ ಹಸಿವು ಮತ್ತು ಕಾಯಿಲೆಗೆ ಬಲಿಯಾದರು. ದುಡಿದು ತಿನ್ನುವ ಬೇರಾವ ಕಸುಬನ್ನೂ ಆ ವಿದ್ವತ್ತು ಅವರಿಗೆ ಕಲಿಸಿರಲಿಲ್ಲ. ಸಾವಿರಾರು ಶ್ಲೋಕಗಳನ್ನು ಬಲ್ಲ ಕುಟುಂಬವೊಂದು ಹಿಡಿ ಕಾಳಿಲ್ಲದೆ ಅಳಿದದ್ದು ರಮಾಬಾಯಿಯವರ ಮನಸ್ಸಿನಲ್ಲಿ ಅಚ್ಚೊತ್ತಿತು. ಮುಂದೆ ತಾವು ನಡೆಸಿದ ಸಂಸ್ಥೆಗಳಲ್ಲಿ ಓದಿನ ಜೊತೆಗೆ ಕೈಕಸುಬನ್ನು ಅವರು ಎಂದೂ ಬಿಡದಿದ್ದುದಕ್ಕೆ ಈ ಅನುಭವವೂ ಕಾರಣವಾಗಿರಬೇಕು.

ಬದುಕುಳಿದ ಅಣ್ಣ ಶ್ರೀನಿವಾಸ ಮತ್ತು ರಮಾ ಕಾಲ್ನಡಿಗೆಯಲ್ಲಿ ಸಾವಿರಾರು ಮೈಲಿ ಅಲೆದು 1878ರಲ್ಲಿ ಕಲ್ಕತ್ತೆ ತಲುಪಿದರು. ಇಪ್ಪತ್ತರ ತರುಣಿಯ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿದ ವಿದ್ವಾಂಸರು ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಅಂತಃಪುರದ ಸ್ತ್ರೀಯರಿಗೆ ಶಾಸ್ತ್ರೋಕ್ತ ಸ್ತ್ರೀಧರ್ಮವನ್ನು ಉಪದೇಶಿಸಬೇಕೆಂದೂ ಕೇಳಿಕೊಂಡರು. ಉಪದೇಶಕ್ಕೆ ಮುನ್ನ ರಮಾಬಾಯಿ ಧರ್ಮಶಾಸ್ತ್ರಗಳನ್ನು ಮೂಲದಲ್ಲೇ ಓದಲು ಕುಳಿತರು. ಓದಿದಂತೆಲ್ಲ ಅವರ ಅಸಮಾಧಾನ ಹೆಚ್ಚಿತು. ಬೇರೆ ವಿಷಯಗಳಲ್ಲಿ ಪರಸ್ಪರ ಒಪ್ಪದ ಶಾಸ್ತ್ರಕಾರರು ಹೆಣ್ಣನ್ನು ಹೀನವೆಂದು ಕಾಣುವುದರಲ್ಲಿ ಮಾತ್ರ ಒಮ್ಮತದಿಂದಿದ್ದಾರೆಂಬ ತೀರ್ಮಾನಕ್ಕೆ ಅವರು ಬಂದರು. ಇದೇ ಕಾಲದಲ್ಲಿ ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಅವರ ಕೈಗೆ ವೇದದ ಪ್ರತಿಯೊಂದನ್ನು ಕೊಟ್ಟು ಓದಲು ಪ್ರೋತ್ಸಾಹಿಸಿದರು. ಹಿಂಜರಿಯುತ್ತಲೇ ಅವರು ಅದನ್ನೂ ತೆರೆದರು. ಕ್ರೈಸ್ತರ ಕೂಟವೊಂದರಲ್ಲಿ ಸಂಸ್ಕೃತ ಬೈಬಲ್ ಕೂಡ ದೊರೆಯಿತು. ಅದರ ಭಾಷೆ ಅವರಿಗೆ ಪರಿಚಿತ ಗ್ರಂಥಗಳ ಸಂಸ್ಕೃತಕ್ಕಿಂತ ತೀರ ಭಿನ್ನವಾಗಿದ್ದು, ಅರ್ಥವೇ ಹತ್ತಲಿಲ್ಲ. ಸಂಸ್ಕೃತದಲ್ಲಿ ಪಾರಂಗತರಾದವರಿಗೇ ತಿಳಿಯದ ಗ್ರಂಥ ಸಾಮಾನ್ಯರಿಗೆ ತಿಳಿಯುವುದೆಂತು? ಕಾಲು ಶತಮಾನದ ನಂತರ ಈ ಪ್ರಶ್ನೆಗೆ ಅವರೇ ಉತ್ತರ ಹುಡುಕಬೇಕಾಯಿತು.

ಅಣ್ಣ 1880ರಲ್ಲಿ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿ, ಪ್ರಾಂತಗಳ ಗಡಿ ದಾಟಿ ಮದುವೆಯಾದರು. ಅಸ್ಸಾಮಿನ ಸಿಲ್ಚಾರಿನಲ್ಲಿ ಪತಿಯ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಪ್ರತಿ ಸಿಕ್ಕಿತು. ಈ ಬಾರಿ ಅರ್ಥವಾಯಿತು. ದಾಂಪತ್ಯ ಎರಡು ವರ್ಷವೂ ತುಂಬಲಿಲ್ಲ. 1882ರ ಫೆಬ್ರವರಿಯಲ್ಲಿ ಪತಿ ಕಾಲರಾದಿಂದ ನಿಧನರಾದಾಗ ಮಗಳು ಮನೋರಮೆಗೆ ಒಂದು ವರ್ಷವೂ ತುಂಬಿರಲಿಲ್ಲ.

ಪುಣೆಗೆ ಬಂದ ರಮಾಬಾಯಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಒತ್ತಾಯಿಸಿದರು. ವೈದ್ಯಕೀಯ ಕಲಿಯುವ ಹಂಬಲದಿಂದ 1883ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಕಿವಿಯ ದೋಷ ಆ ಆಸೆಗೆ ಅಡ್ಡಿಯಾಯಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಯದಲ್ಲಿ ದೀಕ್ಷಾಸ್ನಾನ ಪಡೆದರು.

ಇಲ್ಲಿಂದ ಮುಂದಿನದು ಅವರ ಬದುಕಿನ ಅತ್ಯಂತ ಸ್ವಾರಸ್ಯಕರ ಘಟ್ಟ. ಮತಾಂತರಗೊಂಡ ಭಾರತೀಯ ವಿಧವೆಯಿಂದ ಇಂಗ್ಲೆಂಡಿನ ಚರ್ಚು ನಿರೀಕ್ಷಿಸಿದ್ದು ವಿನಯವನ್ನು, ವಿಧೇಯತೆಯನ್ನು. ಬಂದದ್ದು ಪ್ರಶ್ನೆಗಳು. ಅವರ ಧರ್ಮಮಾತೆಯಂತಿದ್ದ ಸಿಸ್ಟರ್ ಜೆರಾಲ್ಡೀನ್ ಮತ್ತು ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರೊಂದಿಗೆ ರಮಾಬಾಯಿ ನಡೆಸಿದ ಪತ್ರವ್ಯವಹಾರ ಇಂದಿಗೂ ಓದಲು ಯೋಗ್ಯ. ತ್ರಯೇಕತ್ವದಂತಹ ಸಿದ್ಧಾಂತಗಳಿಗೆ ಬೈಬಲ್ಲಿನಲ್ಲಿ ಆಧಾರ ಎಲ್ಲಿದೆಯೆಂದು ಅವರು ಕೇಳಿದರು. ಗ್ರಂಥದಲ್ಲಿ ತಮಗೆ ಕಾಣದ್ದನ್ನು ಕೇವಲ ಚರ್ಚು ಹೇಳಿತೆಂಬ ಕಾರಣಕ್ಕೆ ನಂಬಲಾರೆನೆಂದರು. ಒಂದು ಪುರೋಹಿತ ವರ್ಗದ ನೊಗವನ್ನು ಬಹು ಕಷ್ಟದಿಂದ ಕಳಚಿಕೊಂಡ ತಾನು ಇನ್ನೊಂದಕ್ಕೆ ಕೊರಳೊಡ್ಡಲಾರೆ ಎಂಬುದು ಅವರ ವಾದದ ತಿರುಳು. ಪುಟ್ಟ ಮನೋರಮೆಗೆ ಧರ್ಮದ ವಿಷಯದಲ್ಲಿ ಏನನ್ನು ಕಲಿಸಬೇಕು, ಅದನ್ನು ನಿರ್ಧರಿಸುವವರು ತಾಯಿಯೋ ಮಠವೋ ಎಂಬುದೂ ಈ ವಿವಾದದಲ್ಲಿ ಸೇರಿತ್ತು. ಸನ್ಯಾಸಿನಿಯರು ಇದನ್ನು ಅಹಂಕಾರವೆಂದು ಕಂಡರು. ಗಂಗಾಮೂಲದಿಂದ ಬಂದ ಕುಟುಂಬದ ಮಗಳಿಗೆ ಅದು ಹುಟ್ಟಿನಿಂದ ಬಂದ ಅಭ್ಯಾಸ. ಉಡುಪಿಯ ಸಭೆಯಲ್ಲಿ ಆಧಾರ ತೋರಿಸಿ ನಿಂತವರ ಮಗಳು, ಆಧಾರ ತೋರಿಸಿರೆಂದು ಕೇಳಿದ್ದರಲ್ಲಿ ಅಚ್ಚರಿಯೇನಿದೆ? ಆಕೆ ಚರ್ಚಿನ ಒಂದು ಸಿದ್ಧಾಂತವನ್ನು ಮುಂದೆ ಒಪ್ಪಿದ್ದರೂ ಅದನ್ನು ತಮ್ಮ ಓದಿನ ದಾರಿಯಲ್ಲೇ ಒಪ್ಪಿದವರು.

1886ರಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯಕೀಯ ಪದವಿ ಪ್ರದಾನಕ್ಕೆಂದು ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿ ಸಂಚರಿಸಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಗತಿ ಕುರಿತ ಅವರ ಇಂಗ್ಲಿಷ್ ಕೃತಿ 1887ರಲ್ಲಿ ಪ್ರಕಟವಾಗಿ, ಬಾಸ್ಟನ್ನಿನಲ್ಲಿ ಅವರ ಹೆಸರಿನಲ್ಲೇ ಸಹಾಯಕ ಸಂಘ ಹುಟ್ಟಿತು. ಆ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಗಿ, ಮರುವರ್ಷ ಪುಣೆಗೆ ವರ್ಗವಾಯಿತು. ಮುಂದೆ ಮಹರ್ಷಿ ಕರ್ವೆಯವರ ಪತ್ನಿಯಾದ ಗೋದೂಬಾಯಿ ಈ ಸದನದ ಮೊದಮೊದಲ ವಿದ್ಯಾರ್ಥಿನಿ.

ಸದನದಲ್ಲಿ ಯಾವ ಮತವನ್ನೂ ಬೋಧಿಸುವುದಿಲ್ಲ ಎಂಬುದು ಒಪ್ಪಂದ. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಇಷ್ಟವಿದ್ದ ಹುಡುಗಿಯರು ಬಂದು ಕೂರುತ್ತಿದ್ದರು. ಇದು ಪರೋಕ್ಷ ಮತಪ್ರಚಾರವೆಂಬ ಆಪಾದನೆ ಎದ್ದಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂತಹ ಹಿತೈಷಿಗಳೇ ಸಲಹಾ ಸಮಿತಿಯಿಂದ ಹೊರಬಂದರು. ಪೋಷಕರು 25 ಹುಡುಗಿಯರನ್ನು ಹಿಂದಕ್ಕೆ ಕರೆದೊಯ್ದರು. ತೆರೆದ ಬಾಗಿಲು ಆಮಂತ್ರಣವೇ, ಅಲ್ಲವೇ? ಆಶ್ರಯದಾತೆಯ ಪ್ರಾರ್ಥನೆಯ ಮುಂದೆ ಆಶ್ರಿತ ಬಾಲಕಿಯ ಆಯ್ಕೆ ಎಷ್ಟರಮಟ್ಟಿಗೆ ಸ್ವತಂತ್ರ? ರಾನಡೆಯವರಂಥ ವಿವೇಕಿಗಳ ಈ ಶಂಕೆಯನ್ನು ಪೂರ್ವಗ್ರಹವೆಂದು ತಳ್ಳಿಹಾಕುವಂತಿಲ್ಲ. ತನ್ನ ಮನೆಯಲ್ಲಿ ತನ್ನ ದೇವರನ್ನು ಪ್ರಾರ್ಥಿಸುವ ಹಕ್ಕನ್ನು ಬಿಡಲಾರೆನೆಂಬ ರಮಾಬಾಯಿಯವರ ನಿಲುವನ್ನೂ ಸುಲಭವಾಗಿ ಅಲ್ಲಗಳೆಯಲಾಗದು.

1896-97ರ ಭೀಕರ ಕ್ಷಾಮ ಈ ಚರ್ಚೆಯನ್ನು ಹಿಂದಕ್ಕೆ ಸರಿಸಿತು. ಹಸಿವಿನಿಂದ ತಂದೆತಾಯಿಯರನ್ನು ಕಳೆದುಕೊಂಡಿದ್ದ ರಮಾಬಾಯಿ ಮಧ್ಯಪ್ರಾಂತದ ಕ್ಷಾಮಪೀಡಿತ ಪ್ರದೇಶಗಳಲ್ಲಿ ಸ್ವತಃ ಸಂಚರಿಸಿ, ದಲ್ಲಾಳಿಗಳ ಪಾಲಾಗಲಿದ್ದ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಿಂದ ಮೂವತ್ತು ಚಿಲ್ಲರೆ ಮೈಲಿ ದೂರದ ಕೇಡಗಾಂವಿನಲ್ಲಿ ಸದನದ ಸ್ವಾವಲಂಬನೆಗೆಂದು ಕೊಂಡಿದ್ದ ತೋಟದ ಜಮೀನಿನಲ್ಲಿ ಮುಕ್ತಿ ಸದನ ಎದ್ದಿತು. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರ ಸಂಖ್ಯೆ ಸುಮಾರು 2,000. ಬೇಸಾಯ, ಹೈನು, ನೇಯ್ಗೆ, ಎಣ್ಣೆಗಾಣ, ಹೊಲಿಗೆ, ಮುದ್ರಣ ಎಲ್ಲವನ್ನೂ ಹೆಂಗಸರೇ ನಡೆಸುತ್ತಿದ್ದ ಆ ಗ್ರಾಮ ಆ ಕಾಲಕ್ಕೆ ಅಪೂರ್ವ ಆರ್ಥಿಕ ಪ್ರಯೋಗವೂ ಹೌದು. ಕುರುಡ ಹೆಣ್ಣುಮಕ್ಕಳಿಗೆ ಬ್ರೈಲ್ ಲಿಪಿಯನ್ನು ಕಲಿಸುವ ಹೊಣೆ ಮನೋರಮೆಯದಾಯಿತು. ಶಾರದಾ ಸದನದಂತಲ್ಲದೆ ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಮುಂದೆ ಮಗಳ ನೆರವಿನೊಂದಿಗೆ ನಮ್ಮ ಕಲಬುರ್ಗಿಯಲ್ಲೂ ಹೆಣ್ಣುಮಕ್ಕಳ ಶಾಲೆಯೊಂದನ್ನು ಅವರು ಆರಂಭಿಸಿದರು.

ಮುಕ್ತಿಯ ಹುಡುಗಿಯರಿಗೆ ಮೊದಲು ಅಕ್ಷರ, ಆಮೇಲೆ ಗ್ರಂಥ. ಅಕ್ಷರ ಕಲಿತವರ ಕೈಗೆ ಬೈಬಲ್ ಇತ್ತಾಗ ರಮಾಬಾಯಿಯವರಿಗೆ ಹಳೆಯ ಸಮಸ್ಯೆ ಮತ್ತೆ ಎದುರಾಯಿತು. ಮರಾಠಿಯಲ್ಲಿ ಬೈಬಲ್ ಇರಲಿಲ್ಲವೆಂದಲ್ಲ. ಸೆರಾಂಪುರದ ಮಿಷನರಿಗಳ ಕಾಲದಿಂದಲೂ ಅನುವಾದಗಳು ನಡೆದಿದ್ದವು. ಆದರೆ ಬಳಕೆಯಲ್ಲಿದ್ದ ಅನುವಾದದ ಸಂಸ್ಕೃತಭೂಯಿಷ್ಠ ಭಾಷೆ ಹಳ್ಳಿಯಿಂದ ಬಂದ ಹುಡುಗಿಯರಿಗೆ ನಿಲುಕುತ್ತಿರಲಿಲ್ಲ. ವೇದಾಂತದ ಪರಿಭಾಷೆಯನ್ನು ಹೊತ್ತ ಪದಗಳು ಮೂಲದಲ್ಲಿಲ್ಲದ ಅರ್ಥವನ್ನು ಒಳತರುತ್ತವೆಯೆಂಬ ಆಕ್ಷೇಪವೂ ಅವರದಾಗಿತ್ತು. ಸಂಸ್ಕೃತದ ಮೇಲೆ ಅಷ್ಟು ಪ್ರಭುತ್ವವಿದ್ದ ಪಂಡಿತೆಯೇ ಸಂಸ್ಕೃತ ಪದಗಳನ್ನು ಬೇಕೆಂದೇ ದೂರವಿಟ್ಟು, ಹೊಲಗದ್ದೆಯ ಮರಾಠಿಯಲ್ಲಿ ಬೈಬಲ್ ಬರೆಯಲು ಕುಳಿತದ್ದು ನಮ್ಮ ಭಾಷಾ ಚರಿತ್ರೆಯ ಅಪರೂಪದ ಪ್ರಸಂಗ. ಭಾಷೆಯನ್ನು ತಿಳಿಯಾಗಿಸಲು ಎಂಥ ವಿದ್ವತ್ತು ಬೇಕೆಂಬುದು ವಿದ್ವತ್ತಿಲ್ಲದವರಿಗೆ ತಿಳಿಯುವುದಿಲ್ಲ.

ಐವತ್ತರ ಅಂಚಿನಲ್ಲಿ ಅವರು ಹೀಬ್ರೂ ಮತ್ತು ಗ್ರೀಕ್ ಕಲಿತರು. ಪಾಣಿನಿಯ ಪರಂಪರೆಯಲ್ಲಿ ಪಳಗಿದ ಬುದ್ಧಿಗೆ ಹೊಸ ವ್ಯಾಕರಣ ಹೊರೆಯಾಗಲಿಲ್ಲ. ಬೆಳಗಿನ ಜಾವದಲ್ಲಿ ತಾಯಿ ಇತ್ತ ಆ ಎರಡು ಉಪಕರಣಗಳು, ವ್ಯಾಕರಣ ಮತ್ತು ನಿಘಂಟು, ನಾಲ್ಕು ದಶಕಗಳ ನಂತರ ಮತ್ತೊಂದು ಧರ್ಮದ ಗ್ರಂಥವನ್ನು ತೆರೆಯಲು ಒದಗಿದವು. 1904ರ ಸುಮಾರಿಗೆ ಮೊದಲಾದ ಕೆಲಸ ಹದಿನೆಂಟು ವರ್ಷ ನಡೆಯಿತು. ಅಚ್ಚುಮೊಳೆ ಜೋಡಿಸುವುದು, ಮುದ್ರಿಸುವುದು, ಪುಸ್ತಕ ಕಟ್ಟುವುದು ಎಲ್ಲವೂ ಮುಕ್ತಿಯ ಮುದ್ರಣಾಲಯದಲ್ಲಿ ಹೆಂಗಸರ ಕೈಯಲ್ಲೇ. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕವನ್ನಿತ್ತಿತು. 1921ರಲ್ಲಿ ತಾವು ಉತ್ತರಾಧಿಕಾರಿಯೆಂದು ನಂಬಿದ್ದ ಮನೋರಮೆ ನಲವತ್ತರ ವಯಸ್ಸಿನಲ್ಲೇ ತೀರಿಕೊಂಡರು. ತಾಯಿ ಆ ದುಃಖದಲ್ಲೂ ಕರಡು ತಿದ್ದುವುದನ್ನು ಬಿಡಲಿಲ್ಲ. ಅನುವಾದದ ಕೆಲಸ ಮುಗಿದ ಬೆನ್ನಲ್ಲೇ, 1922ರ ಏಪ್ರಿಲ್ 5ರಂದು, ರಮಾಬಾಯಿ ಕಣ್ಮುಚ್ಚಿದರು. ಸಂಪೂರ್ಣ ಗ್ರಂಥ ಹೊರಬಂದದ್ದು ಅವರ ಕಾಲಾನಂತರ.

ಆ ಅನುವಾದ ಚರ್ಚುಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬರಲಿಲ್ಲ. ಮೂಲಕ್ಕೆ ತೀರ ಅಂಟಿಕೊಂಡದ್ದರಿಂದ ಅದರ ವಾಕ್ಯಗಳು ತೊಡರುತ್ತವೆಂಬ ಟೀಕೆಯಿದೆ. ಮುಕ್ತಿಯ ಅನಾಥ ಬಾಲಕಿಯರಿಗೆ ಬೇರೆ ಗ್ರಂಥಗಳ ಆಯ್ಕೆಯನ್ನು ಅವರು ಇತ್ತರೇ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಭಾಗವತ, ಧರ್ಮಶಾಸ್ತ್ರ, ವೇದ, ಬೈಬಲ್ ಎಲ್ಲವನ್ನೂ ತೂಗಿ ನೋಡುವ ಅವಕಾಶ ತಮಗೆ ದೊರೆತಿತ್ತು. ಆ ಮಕ್ಕಳಿಗೆ ದೊರೆತದ್ದು ಒಂದೇ ಗ್ರಂಥ. ಗಂಗಾಮೂಲದ ತಂದೆ ವೇದದ ಬಾಗಿಲಲ್ಲಿ ನಿಂತಂತೆ ಕೇಡಗಾಂವಿನ ಮಗಳೂ ಒಂದು ಗಡಿಯಲ್ಲಿ ನಿಂತರೆನ್ನಬಹುದು. ಆದರೆ ತಂದೆ ಒಬ್ಬ ಹೆಂಡತಿಗೂ ಮಕ್ಕಳಿಗೂ ಕೊಟ್ಟದ್ದನ್ನು ಮಗಳು ಸಾವಿರಾರು ಮಂದಿಗೆ ಕೊಟ್ಟರೆಂಬುದನ್ನೂ ಮರೆಯುವಂತಿಲ್ಲ.

ಇಂದು ನಮ್ಮ ನಗರಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸುವ ಕುಟುಂಬಗಳಿವೆ. ಧರ್ಮಶ್ರದ್ಧೆಯೇ ಕಾರಣವಾಗಿ ಹಾಗೆ ಮಾಡುವ ಕ್ರೈಸ್ತರೂ ಇದ್ದಾರೆ, ಇತರ ಮತದವರೂ ಇದ್ದಾರೆ. ಮನೆಪಾಠ ಮಗುವನ್ನು ಕೂಪಮಂಡೂಕವಾಗಿಸುತ್ತದೆಂಬ ಆತಂಕ ನಿರಾಧಾರವೇನಲ್ಲ. ರಮಾಬಾಯಿಯವರ ಜೀವನ ಈ ಬಗೆಯ ಪೋಷಕರಿಗೆ ಭರವಸೆಯನ್ನೂ ಎಚ್ಚರಿಕೆಯನ್ನೂ ಒಟ್ಟಿಗೆ ನೀಡುತ್ತದೆ. ಅರ್ಥವನ್ನು ಸಿದ್ಧಮಾಡಿ ಉಣಬಡಿಸುವುದಕ್ಕಿಂತ ಗ್ರಂಥದ ಭಾಷೆಯನ್ನು, ಅದನ್ನು ಬಿಡಿಸಿ ನೋಡುವ ಕ್ರಮವನ್ನು ಕಲಿಸಿದರೆ ಮಗು ತನ್ನ ಕಾಲ ಮೇಲೆ ನಿಂತು ಓದುತ್ತದೆ. ಹಾಗೆ ಓದಲು ಕಲಿತ ಮಗು ಒಂದು ದಿನ ಕಲಿಸಿದವರು ನಿರೀಕ್ಷಿಸದ ತೀರ್ಮಾನಕ್ಕೆ ಬರಬಹುದು. ಅನಂತಶಾಸ್ತ್ರಿ ಮತ್ತು ಲಕ್ಷ್ಮೀಬಾಯಿಯವರ ಮಗಳು ಬಂದದ್ದು ಹಾಗೆಯೇ. ಅದಕ್ಕೆ ಸಿದ್ಧರಿಲ್ಲದವರು ಮಗುವಿಗೆ ಗ್ರಂಥವನ್ನು ಬಾಯಿಪಾಠ ಮಾಡಿಸಿಯಾರು, ಓದಲು ಕಲಿಸಲಾರರು.

1989ರಲ್ಲಿ ಭಾರತೀಯ ಅಂಚೆ ಇಲಾಖೆ ರಮಾಬಾಯಿಯವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಮಹಾರಾಷ್ಟ್ರ ಅವರನ್ನು ತನ್ನವರೆಂದು ನೆನೆಯುತ್ತದೆ, ಅದು ಸಹಜ. ಆದರೆ ಹೆಣ್ಣುಮಗುವೊಂದಕ್ಕೆ ಬೆಳಗಿನ ಜಾವದಲ್ಲಿ ಪಾಠ ಹೇಳಿಕೊಟ್ಟ ಆ ಮನೆತನದ ಬೇರು ಕಾರ್ಕಳದ ಸೀಮೆಯಲ್ಲಿ, ತುಂಗಭದ್ರೆಯರ ತವರಿನಲ್ಲಿದೆ. ನಮ್ಮ ಪಠ್ಯಪುಸ್ತಕಗಳೂ ಆಕೆಯನ್ನು, ಆಕೆಯ ತಾಯಿಯನ್ನು ನೆನೆಯುವುದು ನ್ಯಾಯ.